ಉಪ್ಪು ಯಾರದು, ದ್ರೋಹ ಯಾರಿಗೆ?

ಹೋದ ವರ್ಷ ನನ್ನ ಸಂಶೋಧನೆಯ ಪ್ರಗತಿ ಪರಿಶೀಲನೆಯ ದಿನ. ಸಮಿತಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ಎಲ್ಲಾ ಖರೇನವ್ವಾ. ಸುರಪುರದ ವೆಂಕಟಪ್ಪ ನಾಯಕ ರಾಜದ್ರೋಹಿ ಏನು, ದೇಶಭಕ್ತ ಏನು? ಒಂದು ವಾಕ್ಯದಾಗ ಹೇಳು.”

ನಾನು ತಡವರಿಸಿದೆ. ಬಾಯಿಂದ ಬಂದದ್ದು ಇಷ್ಟೇ: “ಸರ್, ಆತ ಯಾರ ಪ್ರಜೆ ಅನ್ನೋದು ಮೊದಲು ಗೊತ್ತಾಗಬೇಕಲ್ಲರಿ.”

ಯಾರೋ ನಕ್ಕರು. “ಅದು ವಾಕ್ಯ ಅಲ್ಲ, ಪ್ರಶ್ನೆ” ಎಂದು ಅವರು ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡರು. ಹೊರಗೆ ಬಂದು ಚಹಾ ಕುಡಿಯುವಾಗಲೂ ನನಗೆ ನಾಚಿಕೆ ಇಳಿದಿರಲಿಲ್ಲ. ಆದರೆ ಆಮೇಲೆ ಯೋಚಿಸಿದಷ್ಟೂ ನಾನು ತಡವರಿಸಿ ಹೇಳಿದ್ದೇ ಸರಿಯಾದ ಜಾಗ ಎನ್ನಿಸತೊಡಗಿತು. ದ್ರೋಹಿಯೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು ‘ಯಾರಿಗೆ?’ ಎಂದು ಕೇಳಲೇಬೇಕು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಆ ಪ್ರಶ್ನೆಗೆ ಯಾರ ಬಳಿಯೂ ನೇರವಾದ ಉತ್ತರವಿರಲಿಲ್ಲ. ಉತ್ತರ ಬಂದದ್ದು ಶಿಕ್ಷೆಯಾದ ಮೇಲೆ.

ನಮ್ಮ ಶಾಲೆಯ ಸಮಾಜ ವಿಜ್ಞಾನದ ಪಾಠದಲ್ಲಿ ಹಲಗಲಿ, ನರಗುಂದ, ಮುಂಡರಗಿ, ಸುರಪುರ ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತಿದ್ದವು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ನಮ್ಮ ಕಡೆಯವರಿಗೆ ಮಾತ್ರ ಸುರಪುರ ಎಂದರೆ ಎರಡು ಅಂಕದ ಊರಲ್ಲ. ಯಾದಗಿರಿ ಜಿಲ್ಲೆಯ ಆ ಬೆಟ್ಟದ ಊರಿನಲ್ಲಿ ಇಂದಿಗೂ ಎರಡು ಹೆಸರು ಜತೆಜತೆಯಾಗಿ ಕೇಳಿಬರುತ್ತವೆ. ಒಂದು ಬೇಡ ನಾಯಕರ ವಂಶದ ಕೊನೆಯ ಅರಸ ವೆಂಕಟಪ್ಪನದು. ಇನ್ನೊಂದು, ಆತನನ್ನು ಬೆಳೆಸಿದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನದು. ಅವನು ಕಟ್ಟಿಸಿದ ಬಂಗಲೆ ಗುಡ್ಡದ ಮೇಲೆ ಹಾಗೇ ಇದೆ. ಊರವರು ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ. ರಾಜದ್ರೋಹದ ಆರೋಪ ಹೊತ್ತವನ ಊರಿನಲ್ಲಿ, ಆರೋಪ ಹೊರಿಸಿದವರ ಕಡೆಯವನ ಮನೆಯನ್ನೂ ಪ್ರೀತಿಯಿಂದ ತೋರಿಸುತ್ತಾರೆ. ನನಗೆ ಮೊದಲು ವಿಚಿತ್ರವೆನ್ನಿಸಿದ್ದು ಇದೇ.

ನಮ್ಮ ಅಜ್ಜಿ ಯಾರ ಮನೆಯಿಂದಲಾದರೂ ಉಂಡು ಬಂದು ನಾವು ಪಲ್ಯಕ್ಕೆ ಉಪ್ಪು ಕಡಿಮೆಯಿತ್ತು ಅಂದರೆ, “ಉಂಡ ಮನಿ ಜಂತಿ ಎಣಸಬಾರದವ್ವಾ” ಎನ್ನುತ್ತಿದ್ದಳು. ಹಳಗನ್ನಡದಲ್ಲಿ ಇದಕ್ಕೆ ‘ಜೋಳದ ಪಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವ ಕಟ್ಟುಪಾಡು ಅದು. ದ್ರೋಹ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥ ಹುಟ್ಟುವುದು ಈ ಅನ್ನದ ಋಣದ ಒಳಗೆ. ಶತ್ರು ದ್ರೋಹ ಮಾಡಲಾರ. ಅವನು ಹೊರಗಿನವನು, ಯುದ್ಧ ಮಾಡುತ್ತಾನೆ ಅಷ್ಟೆ. ದ್ರೋಹ ಮಾಡಲು ಒಳಗಿರಬೇಕು, ಉಂಡಿರಬೇಕು.

ಹಳೇಬೀಡಿಗೆ ಹೋದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತುತ್ತಾರೆ. ಅಲ್ಲೇ ಸ್ವಲ್ಪ ದೂರದಲ್ಲಿ ಪಾರ್ಶ್ವನಾಥ ಬಸದಿ ಇದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟ ಎಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟು ಮಾಡುವ ಬೀಸುಕಲ್ಲು! ಅಹಿಂಸೆಯನ್ನು ಪರಮಧರ್ಮವೆನ್ನುವ ಮತದ ಗುಡಿಗೆ ಮೊದಲು ಬಂದ ಹೆಸರು ದ್ರೋಹಘರಟ್ಟ ಜಿನಾಲಯ. ಆಮೇಲೆ ರಾಜ ತನ್ನ ಗೆಲುವಿನ ನೆನಪಿಗೆ ದೇವರನ್ನು ವಿಜಯ ಪಾರ್ಶ್ವನಾಥ ಎಂದು ಕರೆದ. ಹೊಯ್ಸಳೇಶ್ವರದ ಬಳಿಯೇ ಇನ್ನೊಂದು ಕಂಬವಿದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ವೀರರ ಕೆತ್ತನೆ ಅದರ ಮೇಲಿದೆ. ಎರಡನೆಯ ಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮ, ಒಡೆಯನ ಬಳಿಕ ಬದುಕಿರಬಾರದೆಂಬ ಭಾಷೆಯನ್ನು ಹೆಂಡತಿಯೊಡನೆ, ತನ್ನವರೊಡನೆ ನಡೆಸಿಕೊಟ್ಟದ್ದರ ಗುರುತು ಅದು. ಇದನ್ನು ನಾನು ಕೊಂಡಾಡುತ್ತಿಲ್ಲ. ಆ ಕಂಬದ ಮುಂದೆ ನಿಂತಾಗ ನನಗೆ ಹೊಟ್ಟೆ ತೊಳಸಿದಂತಾಗಿತ್ತು. ಹೇಳಬೇಕಾದ್ದು ಇಷ್ಟೆ: ಇಲ್ಲಿ ನಿಷ್ಠೆ ಒಬ್ಬ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಹರಿಯುತ್ತಿತ್ತು. ಅದಕ್ಕೆ ಮುಖವಿತ್ತು, ಹೆಸರಿತ್ತು, ಊಟದ ತಟ್ಟೆಯಿತ್ತು. ಕಂಪನಿ ಸರ್ಕಾರ ಎಂಬುದಕ್ಕೆ ಮುಖ ಯಾವುದು?

ಈಗ ಸುರಪುರದ ಋಣದ ಲೆಕ್ಕ ನೋಡೋಣ. ಈ ನಾಯಕರ ಪೂರ್ವಿಕರು ಹತ್ತಿರದ ವಾಗಣಗೇರಾ ಕೋಟೆಯಲ್ಲಿದ್ದವರು. 1705ರಲ್ಲಿ ಮುದುಕನಾಗಿದ್ದ ಔರಂಗಜೇಬ ಖುದ್ದಾಗಿ ದಂಡೆತ್ತಿ ಬಂದು ಮುತ್ತಿದ ಕೊನೆಯ ಕೋಟೆ ಅದು. ಕೋಟೆ ಬಿತ್ತು, ನಾಯಕ ಕೈಗೆ ಸಿಗಲಿಲ್ಲ. ಔರಂಗಜೇಬನ ಬಳಿಕ ದಖ್ಖನ್ ನಿಜಾಮನ ಪಾಲಾಯಿತು, ಸುರಪುರ ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. ಪೇಶ್ವೆಗಳೂ ತಮ್ಮ ಪಾಲು ಕೇಳುತ್ತಿದ್ದರು. ಪಟ್ಟಕ್ಕೆ ಹೊಸಬ ಬಂದಾಗಲೆಲ್ಲ ಹೈದರಾಬಾದಿಗೆ ಲಕ್ಷಾಂತರ ರೂಪಾಯಿ ನಜರಾಣೆ, ಅದಕ್ಕಾಗಿ ಸಾಹುಕಾರರಲ್ಲಿ ಸಾಲ, ಸಾಲಕ್ಕೆ ಬಡ್ಡಿ. ಹತ್ತೊಂಬತ್ತನೆಯ ಶತಮಾನದ ಸುರಪುರದ ಅರ್ಧ ಇತಿಹಾಸ ಈ ಬಡ್ಡಿಯದೇ.

ಹಾಗಾದರೆ ಸುರಪುರದ ಒಡೆಯ ನಿಜಾಮ. ನಿಜಾಮನ ಒಡೆಯ? ಹೈದರಾಬಾದಿನ ಟಂಕಸಾಲೆಯ ನಾಣ್ಯ ತೆಗೆದು ನೋಡಿದರೆ ಉತ್ತರ ಅದರ ಮೇಲೆಯೇ ಇತ್ತು. 1857ರವರೆಗೂ ಅಲ್ಲಿಯ ರೂಪಾಯಿ ಹೊರಬರುತ್ತಿದ್ದದ್ದು ದಿಲ್ಲಿಯ ಬಾದಶಹನ ಹೆಸರಿನಲ್ಲಿ. ನಿಜಾಮ ಕಾಗದದ ಮೇಲೆ ಮೊಗಲ್ ಸುಬೇದಾರ. ಇನ್ನು ಕಂಪನಿ? ಅದಕ್ಕೆ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ ಸಿಕ್ಕಿದ್ದೂ 1765ರಲ್ಲಿ ಬಾದಶಹ ಶಾ ಆಲಮನ ಫರ್ಮಾನಿನಿಂದ. 1835ರವರೆಗೆ ಕಂಪನಿಯ ರೂಪಾಯಿಯ ಮೇಲೂ ಬಾದಶಹನದೇ ಹೆಸರು. 1840ರ ದಶಕದ ಆರಂಭದವರೆಗೂ ದಿಲ್ಲಿಯ ಇಂಗ್ಲಿಷ್ ಅಧಿಕಾರಿಗಳು ದರ್ಬಾರಿನಲ್ಲಿ ಬಾದಶಹನಿಗೆ ಕಾಣಿಕೆ ಒಪ್ಪಿಸುತ್ತಿದ್ದರು. ಲಾರ್ಡ್ ಎಲೆನ್‌ಬರೋ ಬಂದು ಅದನ್ನು ನಿಲ್ಲಿಸಿದ. ಶಕ್ತಿ ಎಲ್ಲಿತ್ತೆಂದು ಎಲ್ಲರಿಗೂ ಗೊತ್ತಿತ್ತು, ಬಾದಶಹನಿಗೂ ಗೊತ್ತಿತ್ತು. ಆದರೆ ಶಕ್ತಿ ಇರುವುದು ಬೇರೆ, ಒಡೆತನ ಬೇರೆ. ದ್ರೋಹದ ಪ್ರಶ್ನೆ ಬರುವುದು ಎರಡನೆಯದರ ಲೆಕ್ಕದಲ್ಲಿ.

ಈ ಗೋಜಲಿನ ನಡುವೆ 1841ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪನಿಗೆ ಏಳೆಂಟು ವರ್ಷ. ರಾಣಿ ಈಶ್ವರಮ್ಮ ಮಗನ ಪರವಾಗಿ ಆಳತೊಡಗಿದಳು. ಮೈದುನ ಪಿಡ್ಡ ನಾಯಕನೊಡನೆ ಜಗಳ, ಹೈದರಾಬಾದಿನ ಬಾಕಿ, ಸಾಲಗಾರರ ಕಾಟ. ಇದನ್ನೆಲ್ಲ ಸರಿಪಡಿಸಲು ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಸರ್ ಕಳಿಸಿದವನು ಮೆಡೋಸ್ ಟೇಲರ್. ಅಷ್ಟರಲ್ಲಾಗಲೇ ಅವನು ಥಗ್ಗರನ್ನು ಕುರಿತ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. ಈಶ್ವರಮ್ಮ ಅಧಿಕಾರ ಕಳೆದುಕೊಂಡಳು. ಟೇಲರನ ಆತ್ಮಕಥೆಯಲ್ಲಿ ಆಕೆ ಸಂಚುಗಾರ್ತಿ, ನಡತೆಗೆಟ್ಟವಳು. ಗಂಡನಿಲ್ಲದ, ಆಳುವ ಹೆಂಗಸನ್ನು ಕೆಳಗಿಳಿಸಿದ ಗಂಡಸರು ಆಕೆಯ ಬಗ್ಗೆ ಬರೆಯುವುದು ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ ಇರುತ್ತದೆ. ಆ ಪುಟಗಳನ್ನು ನಾನು ಪೆನ್ಸಿಲ್ ಕೈಯಲ್ಲಿ ಹಿಡಿದೇ ಓದಿದ್ದೇನೆ.

ಟೇಲರ್ ಕೂಡ ಒಂದು ಲೆಕ್ಕದಲ್ಲಿ ಎಲ್ಲಿಯೂ ಪೂರ್ತಿ ಸೇರದವನು. ಅವನಿಗೆ ಕಂಪನಿಯ ಕಾಯಂ ನೌಕರಿ ಇರಲಿಲ್ಲ. ನಿಜಾಮನ ದಂಡಿನ ಅಧಿಕಾರಿ, ಅಂದರೆ ಉಂಡದ್ದು ನಿಜಾಮನ ಉಪ್ಪು. ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಫೈಜ್ ಬಕ್ಷ್ ಬೇಗಂ. 1844ರಲ್ಲಿ ಮೇರಿ ತೀರಿಕೊಂಡಳು. ಅಂಥ ಟೇಲರನ ಕೈಗೆ ತಂದೆಯಿಲ್ಲದ ಹುಡುಗನೊಬ್ಬ ಸಿಕ್ಕ. ಹುಡುಗನಿಗೆ ಓದು ಕಲಿಸಿದ, ಕುದುರೆ ಕಲಿಸಿದ, ಸಂಸ್ಥಾನದ ಸಾಲ ತೀರಿಸಿದ, ಕೆರೆಗಳನ್ನು ದುರಸ್ತಿ ಮಾಡಿಸಿದ. ಬಿಡುವಾದಾಗ ಸುತ್ತಲಿನ ಹಳ್ಳಿಗಳ ಹಳೆಯ ಕಲ್ಲುಗೋರಿಗಳನ್ನು ಅಗೆಸಿ ನೋಡಿದ. ದಖ್ಖನಿನ ಪುರಾತತ್ತ್ವದವರು ಇಂದಿಗೂ ಅವನನ್ನು ಆ ಕೆಲಸಕ್ಕಾಗಿ ನೆನೆಯುತ್ತಾರೆ. ಹುಡುಗ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಎಂದು. ಇಂಗ್ಲಿಷ್ ಪುಸ್ತಕದಲ್ಲಿ ಆ ಮಾತು ಹಾಗೇ ಕನ್ನಡದಲ್ಲಿಯೇ ಉಳಿದುಕೊಂಡಿದೆ. ಗ್ರಂಥಾಲಯದಲ್ಲಿ ಕೂತು ಓದುವಾಗ ಪುಟದ ನಡುವೆ ಅದು ಎದುರಾದಾಗ, ಯಾರೋ ಹಿಂದಿನಿಂದ ಕರೆದಂತಾಗಿತ್ತು.

1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೋದ. ನಾಲ್ಕು ವರ್ಷಕ್ಕೆ ಉತ್ತರದಲ್ಲಿ ದಂಗೆ ಎದ್ದಿತು. ಹೈದರಾಬಾದಿನಲ್ಲಿ 1857ರ ಜುಲೈನಲ್ಲಿ ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನನ ಜನ ರೆಸಿಡೆನ್ಸಿಯ ಮೇಲೆಯೇ ಏರಿಹೋದರು. ದಿವಾನ ಸಾಲಾರ್ ಜಂಗ್ ಮಾತ್ರ ಕಂಪನಿಯ ಪಕ್ಕ ಬಿಡಲಿಲ್ಲ. ಕೃಷ್ಣೆಯ ಈಚೆ ಹಲಗಲಿಯ ಬೇಡರು ಹತಾರ ಒಪ್ಪಿಸಲು ಒಪ್ಪದೆ ಆ ನವೆಂಬರಿನಲ್ಲಿ ಕಾದಿದರು, ನೇಣಿಗೇರಿದರು. ಹಲಗಲಿ ಇದ್ದದ್ದು ಮುಧೋಳ ಸಂಸ್ಥಾನದಲ್ಲಿ, ಅಂದರೆ ಅವರೂ ನೇರವಾಗಿ ಕಂಪನಿಯ ಪ್ರಜೆಗಳಲ್ಲ. ಅವರ ಮೇಲೆ ಲಾವಣಿ ಹುಟ್ಟಿತು. ಅದನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನು ಶಾಸನತಜ್ಞ ಫ್ಲೀಟ್, ಸರ್ಕಾರದ ಅಧಿಕಾರಿಯೇ.

ಸುರಪುರದಲ್ಲಿ ರಾಜ ಅರಬರನ್ನೂ ರೋಹಿಲರನ್ನೂ ದಂಡಿಗೆ ಸೇರಿಸಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ರೆಸಿಡೆಂಟನಿಗೆ ಹೋಯಿತು. ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ಬುದ್ಧಿ ಹೇಳಲು ಬಂದ, ರಾಜ ಕೇಳಲಿಲ್ಲ. 1858ರ ಫೆಬ್ರವರಿ 7ರ ರಾತ್ರಿ ಊರ ಹೊರಗೆ ಬೀಡುಬಿಟ್ಟಿದ್ದ ಕ್ಯಾಪ್ಟನ್ ವಿಂಡ್ಹಮನ ಪಡೆಯ ಮೇಲೆ ಬೇಡರು ಬಿದ್ದರು. ಮರುದಿನ ಮದ್ರಾಸಿನ ಕಡೆಯ ಕುದುರೆಪಡೆ ಬಂದು ಸೇರಿತು. ಅದರ ಕ್ಯಾಪ್ಟನ್ ನ್ಯೂಬೆರಿ ಸತ್ತ. ಮುಂಬಯಿಯ ಕಡೆಯಿಂದ ಇನ್ನಷ್ಟು ದಂಡು ಬರುತ್ತಿದೆ ಎಂದು ತಿಳಿದ ರಾಜ, ಕೆಲವೇ ಸವಾರರೊಡನೆ ಆ ರಾತ್ರಿ ಊರು ಬಿಟ್ಟ. ಹೋದದ್ದು ಎಲ್ಲಿಗೆ? ಕಾಡಿಗಲ್ಲ, ಹೈದರಾಬಾದಿಗೆ. ಒಡೆಯನ ಊರಿಗೆ. ಪೇಟೆಯಲ್ಲಿ ಅಲೆಯುತ್ತಿದ್ದವನನ್ನು ಸಾಲಾರ್ ಜಂಗನ ಜನ ಹಿಡಿದರು, ರೆಸಿಡೆಂಟ್ ಡೇವಿಡ್ಸನ್ನನ ಕೈಗೆ ಕೊಟ್ಟರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲು ಇರುವುದು ಹೀಗೆ ಕೈಯಿಂದ ಕೈಗೆ ದಾಟಿಸಿದ ಈ ಗಳಿಗೆಯಲ್ಲಿ. ಸುರಪುರ ನಿಜಾಮನ ಸಾಮಂತ ಸಂಸ್ಥಾನ. ತಪ್ಪು ಮಾಡಿದ್ದರೆ ವಿಚಾರಿಸಬೇಕಾದವನು ನಿಜಾಮ. ನಿಜಾಮನ ದಿವಾನ ಆ ಹಕ್ಕನ್ನು ಬಾಯಿಬಿಡದೆ ಬಿಟ್ಟುಕೊಟ್ಟ. ಸುರಪುರದ ಮೇಲೆ ಏರಿಹೋಗಿದ್ದ ಕಂಟಿಂಜೆಂಟ್ ಪಡೆಯ ಖರ್ಚಿಗೆ 1853ರ ಒಪ್ಪಂದದಲ್ಲಿ ನಿಜಾಮ ಬೀರಾರ್, ರಾಯಚೂರು ದೋಆಬ್, ನಳದುರ್ಗಗಳನ್ನು ವಹಿಸಿಕೊಟ್ಟಿದ್ದ. ಪಡೆಯ ಹೆಸರು ಹೈದರಾಬಾದಿನದು, ಸಂಬಳ ಹೈದರಾಬಾದಿನ ಭೂಮಿಯದು, ಆಜ್ಞೆ ಕಂಪನಿಯದು. ಜೋಳದ ಪಾಳಿಯ ಲೆಕ್ಕ ಇಲ್ಲಿ ಯಾರಿಗೆ ಹತ್ತಬೇಕು?

ಸರಪಳಿಯ ಈ ತುದಿ ಹೀಗೆ. ಇನ್ನೊಂದು ತುದಿ, ದಿಲ್ಲಿಯ ಬಾದಶಹನದು. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡುವವರೆಗೆ ನನಗೂ ಹೊಳೆದಿರಲಿಲ್ಲ. ಸುರಪುರದ ಕಾಳಗಕ್ಕೆ ಹನ್ನೊಂದು ದಿನ ಮುಂಚೆ, 1858ರ ಜನವರಿ 27ರಂದು, ಕೆಂಪು ಕೋಟೆಯ ದಿವಾನ್-ಇ-ಖಾಸ್‌ನಲ್ಲಿ ಎಂಬತ್ತು ದಾಟಿದ ಬಹಾದೂರ್ ಶಾ ಜಫರನ ವಿಚಾರಣೆ ಶುರುವಾಗಿತ್ತು. ತನ್ನದೇ ದರ್ಬಾರಿನ ಅಂಗಳದಲ್ಲಿ, ಕಂಪನಿಯ ಐವರು ಸೈನಿಕ ಅಧಿಕಾರಿಗಳ ಎದುರು. ಸರ್ಕಾರದ ಪರವಾಗಿ ವಾದಿಸಿದವನು ಮೇಜರ್ ಹ್ಯಾರಿಯಟ್. ಆರೋಪಗಳು ನಾಲ್ಕು. ಸಿಪಾಯಿಗಳಿಗೆ ಕುಮ್ಮಕ್ಕು ಕೊಟ್ಟದ್ದು, ಮಗ ಮಿರ್ಜಾ ಮೊಗಲನನ್ನೂ ಇತರರನ್ನೂ ದಂಗೆಗೆ ಹುರಿದುಂಬಿಸಿದ್ದು, ಅರಮನೆಯಲ್ಲಿ ಹೆಂಗಸರು ಮಕ್ಕಳೂ ಸೇರಿ 49 ಜನರ ಕೊಲೆಗೆ ಹೊಣೆಯಾದದ್ದು. ಈ ಕೊಲೆಗಳು ನಡೆದದ್ದು ನಿಜ. ಅದರ ನೋವನ್ನು ಯಾವ ಒಡೆತನದ ವಾದವೂ ಒರೆಸಲಾರದು. ಆದರೆ ಮೂರನೆಯ ಆರೋಪ ಬೇರೆ ಬಗೆಯದು: ಬ್ರಿಟಿಷ್ ಸರ್ಕಾರದ ಪ್ರಜೆಯಾಗಿದ್ದುಕೊಂಡು, ಆ ನಿಷ್ಠೆಯನ್ನು ಮರೆತು, ತಾನೇ ಹಿಂದುಸ್ತಾನದ ಬಾದಶಹನೆಂದು ಸಾರಿಕೊಂಡದ್ದು ರಾಜದ್ರೋಹ.

ಬಾದಶಹ ತಾನು ಬಾದಶಹ ಎಂದದ್ದು ರಾಜದ್ರೋಹ! ಯಾರ ಹೆಸರಿನ ನಾಣ್ಯ ಕಂಪನಿ ಅಚ್ಚು ಹಾಕಿತ್ತೋ, ಯಾರ ಫರ್ಮಾನಿನಿಂದ ಕಂದಾಯ ಎತ್ತಿತ್ತೋ ಆ ಮನೆಯವನೇ ಈಗ ಕಂಪನಿಯ ಪ್ರಜೆ. ಅವನಿಗೆ ಪಿಂಚಣಿ ಕೊಡುತ್ತಿದ್ದೆವು ಎಂಬುದು ಅವರ ಸಾಕ್ಷಿ. ಉಪ್ಪಿನ ಭಾಷೆಯನ್ನು ಅವರು ಚೆನ್ನಾಗಿಯೇ ಕಲಿತಿದ್ದರು, ಯಾರು ಯಾರ ಉಪ್ಪು ಉಂಡರೆಂಬುದನ್ನು ಮಾತ್ರ ತಿರುಗಿಸಿ ಹೇಳಿದರು. 1922ರಲ್ಲಿ ಬಕ್ಲರ್ ಎಂಬ ಇಂಗ್ಲಿಷ್ ಇತಿಹಾಸಕಾರ ಒಂದು ಪ್ರಬಂಧ ಬರೆದು, ಕಾನೂನಿನ ಲೆಕ್ಕದಲ್ಲಿ 1857ರಲ್ಲಿ ಬಂಡೆದ್ದ ಸಾಮಂತ ಕಂಪನಿಯೇ ಎಂದು ವಾದಿಸಿದ. ಆಗ ಅನೇಕರಿಗೆ ಅದು ರುಚಿಸಲಿಲ್ಲ. ನನಗೂ ಅವನ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಮೊಗಲರ ಒಡೆತನ ಅಷ್ಟೊಂದು ಗಟ್ಟಿಯಾಗಿ ಉಳಿದಿತ್ತೆಂದು ನಂಬಲು ಕಷ್ಟ. ವಾಗಣಗೇರಾದ ಬೇಡರೇ ಅದನ್ನು ಒಪ್ಪಿದವರಲ್ಲ. ಆದರೆ ಬಕ್ಲರ್ ಕೇಳಿದ್ದು ಸರಿಯಾದ ಪ್ರಶ್ನೆ.

ಮಾರ್ಚ್ 9ಕ್ಕೆ ತೀರ್ಪು ಬಂತು. ಸೆರೆಹಿಡಿಯುವಾಗ ಪ್ರಾಣ ಉಳಿಸುವ ಮಾತು ಕೊಟ್ಟಿದ್ದರಿಂದ ನೇಣು ತಪ್ಪಿ, ಜಫರ್ ರಂಗೂನಿಗೆ ಗಡೀಪಾರಾದ. ಅಲ್ಲೇ 1862ರ ನವೆಂಬರ್ 7ರಂದು ತೀರಿಕೊಂಡ.

ಹೀಗೆ ಕೆಲವೇ ತಿಂಗಳುಗಳ ಒಳಗೆ ಸರಪಳಿಯ ಮೇಲಿನ ಕೊಂಡಿಯೂ ಕೆಳಗಿನ ಕೊಂಡಿಯೂ ಕಂಪನಿಗೆ ದ್ರೋಹ ಬಗೆದ ಅಪರಾಧಿಗಳಾದವು. ಪ್ರಜೆ ಎಂದು ಮೊದಲೇ ತೀರ್ಮಾನವಾಗಿದ್ದು, ಆಮೇಲೆ ದ್ರೋಹದ ವಿಚಾರಣೆ ನಡೆದದ್ದಲ್ಲ. ವಿಚಾರಣೆ ಮಾಡುವ ಮೂಲಕವೇ ಅವರನ್ನು ಪ್ರಜೆಗಳನ್ನಾಗಿ ಮಾಡಲಾಯಿತು. ಪ್ರಗತಿ ಪರಿಶೀಲನೆಯಲ್ಲಿ ನನಗೆ ಹೊಳೆಯದ ಒಂದು ವಾಕ್ಯ ಇದೇ ಇರಬೇಕು.

ಹೈದರಾಬಾದಿನ ಸೆರೆಗೆ ಟೇಲರ್ ಬಂದ ಕಥೆಗೆ ಮರಳುತ್ತೇನೆ. ರಾಜ ಅವನನ್ನು ತಬ್ಬಿಕೊಂಡು ಅತ್ತನಂತೆ. ನಿನ್ನನ್ನು ಇದಕ್ಕೆ ಎಳೆದವರು ಯಾರು, ಹೆಸರು ಹೇಳು ಎಂಬುದು ರೆಸಿಡೆಂಟನ ಕಡೆಯ ಪ್ರಶ್ನೆ. ಹೇಳಿದರೆ ಜೀವ ಉಳಿಯುವ ಆಸೆಯಿತ್ತು. ಟೇಲರ್ ಕೂಡ ಹೇಳಿಬಿಡು ಎಂದು ಕೇಳಿಕೊಂಡ. ರಾಜ ಒಪ್ಪಲಿಲ್ಲ. ಸಾಯಲು ಅಂಜಿಕೆಯಿಲ್ಲ, ತನ್ನವರ ಹೆಸರು ಹೇಳಿ ಹೇಡಿಯಂತೆ ಬದುಕಲಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಒಂದೇ ಒಂದು ಬೇಡಿಕೆಯಿಟ್ಟ: ಕಳ್ಳನಂತೆ ನೇಣು ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ. ಕರಿನೀರಿನ ಶಿಕ್ಷೆಗಿಂತ ಸಾವೇ ಮೇಲು, ಬಡ ಬೇಡನೂ ಸೆರೆಯಲ್ಲಿ ಬದುಕಲಾರ ಎಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸಂಭಾಷಣೆಗೆ ಇರುವ ಸಾಕ್ಷಿ ಒಬ್ಬನೇ. ಅವನು ಕಾದಂಬರಿಕಾರ. ಬರೆದದ್ದು ವರ್ಷಗಳು ಕಳೆದ ಮೇಲೆ, ಅಚ್ಚಾದದ್ದು ಅವನು ಸತ್ತ ಮರುವರ್ಷ, 1877ರಲ್ಲಿ. ಇಪ್ಪತ್ನಾಲ್ಕನೆಯ ವರ್ಷದಲ್ಲಿ ಈ ಹುಡುಗನಿಗೆ ಸಾವಿದೆ ಎಂದು ಜಾತಕ ಬರೆದಿತ್ತೆಂದೂ ತಾನು ಅದನ್ನು ಮುಚ್ಚಿಟ್ಟಿದ್ದೆನೆಂದೂ ಟೇಲರ್ ಹೇಳುತ್ತಾನೆ. ಇಂಥ ಹೆಣಿಗೆ ಕಂಡಾಗ ಸಂಶೋಧಕರಿಗೆ ಅನುಮಾನ ಬರಬೇಕು, ನನಗೂ ಬಂತು. ದಾರಿತಪ್ಪಿದ ಮಗ, ಕೊನೆಗೆ ಅಪ್ಪನ ಎದೆಗೆ ಒರಗಿ ಅಳುವ ದೃಶ್ಯ ಒಂದು ಸಾಮ್ರಾಜ್ಯಕ್ಕೆ ಬಹಳ ಅನುಕೂಲವಾದ ದೃಶ್ಯ. ತಪ್ಪು ಮಗನದು, ಪ್ರೀತಿ ಅಪ್ಪನದು. ಆದರೂ ಹೆಸರು ಹೇಳದ ಆ ನಿರಾಕರಣೆಯನ್ನು ಟೇಲರ್ ಸುಳ್ಳಾಗಿ ಕಟ್ಟಿದನೆಂದು ನನಗೆ ಅನ್ನಿಸುವುದಿಲ್ಲ. ಅದರಿಂದ ಅವನಿಗೆ ಲಾಭವಿರಲಿಲ್ಲ. ಹೋದ ಕೆಲಸ ಕೈಗೂಡದೆ ಬಂದೆ ಎಂದು ತಾನೇ ಒಪ್ಪಿಕೊಂಡಂತೆ ಅದು.

ಮರಣದಂಡನೆಯ ತೀರ್ಪು ಬಂತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ, ನಡತೆ ಸರಿಯೆನಿಸಿದರೆ ಸಂಸ್ಥಾನ ಮರಳಿ ಕೊಡುವ ಮಾತೂ ಉಂಟು ಎಂದ. ರಾಜದ್ರೋಹಕ್ಕೆ ನಾಲ್ಕು ವರ್ಷ! ಹಲಗಲಿಯವರಿಗೆ ಸಿಗದ ದಯೆ ಇದು, ಆ ಜೂನ್ 12ರಂದು ಬೆಳಗಾವಿಯಲ್ಲಿ ನೇಣಿಗೇರಿದ ನರಗುಂದದ ಬಾಬಾಸಾಹೇಬನಿಗೂ ಸಿಗಲಿಲ್ಲ. ಟೇಲರನ ಬಿನ್ನಹ ಕೆಲಸ ಮಾಡಿರಬೇಕು. ಪ್ರಜೆಯೇ ಅಲ್ಲದವನಿಗೆ ಪ್ರಜೆಯ ಶಿಕ್ಷೆ ಕೊಡುವಾಗ ಎಲ್ಲೋ ಒಂದು ಅಳುಕೂ ಇದ್ದಿರಬಹುದು ಎಂಬುದು ನನ್ನ ಊಹೆ, ಊಹೆ ಅಷ್ಟೆ.

ಚೆಂಗಲ್ಪಟ್ಟಿಗೆ ಹೊರಟ ರಾಜ ಹೈದರಾಬಾದಿನಿಂದ ಮೊದಲ ಬಿಡಾರವನ್ನೂ ದಾಟಲಿಲ್ಲ. ಕಾವಲಿನ ಅಧಿಕಾರಿ ರಿವಾಲ್ವರ್ ಇದ್ದ ಸೊಂಟಪಟ್ಟಿಯನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ತೂಗುಹಾಕಿ ಡೇರೆಯಿಂದ ಹೊರಗೆ ಹೋದ. ಗುಂಡಿನ ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ಮುಗಿದಿತ್ತು.

ಸಂಸ್ಥಾನ ಮುಟ್ಟುಗೋಲಾಯಿತು. ಕೆಲಕಾಲ ಟೇಲರನೇ ಮತ್ತೆ ಬಂದು ಆಡಳಿತ ನೋಡಿಕೊಂಡ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ದಂಗೆಯ ಕಾಲದಲ್ಲಿ ಜತೆಗೆ ನಿಂತದ್ದಕ್ಕೆ ಇನಾಮು. ಒಡೆಯನಿಗೆ ಅವನದೇ ಸಾಮಂತನ ಊರನ್ನು ಉಡುಗೊರೆಯಾಗಿ ಕೊಡುವುದು! ನಿಜಾಮ ಅದನ್ನು ತೆಗೆದುಕೊಂಡ. ಅಷ್ಟರಲ್ಲಿ ಅವನ ನಾಣ್ಯದಿಂದ ಬಾದಶಹನ ಹೆಸರೂ ಹೋಗಿತ್ತು.

ಅದೇ 1860ರಲ್ಲಿ ಭಾರತೀಯ ದಂಡಸಂಹಿತೆ ಬಂತು. ಅದರ ಆರನೆಯ ಅಧ್ಯಾಯ ರಾಜ್ಯದ ವಿರುದ್ಧದ ಅಪರಾಧಗಳದು. ಸರ್ಕಾರದ ವಿರುದ್ಧ ಯುದ್ಧ ಹೂಡುವುದಕ್ಕೆ ಶಿಕ್ಷೆ ಹೇಳುವ 121ನೆಯ ಕಲಮು ಶುರುವಾಗುವುದು ‘ಯಾರೇ ಆಗಲಿ’ ಎಂಬ ಅರ್ಥದ ಮಾತಿನಿಂದ. ಪ್ರಜೆಯಾಗಿರಬೇಕು, ನಿಷ್ಠೆಯ ಋಣವಿರಬೇಕು ಎಂಬ ಷರತ್ತು ಅಲ್ಲಿಲ್ಲ. ಜಫರನ ವಿಚಾರಣೆಯಲ್ಲಿ ಇನ್ನೂ ಬೇಕಾಗಿದ್ದ ಆ ಮಾತು ಎರಡು ವರ್ಷದಲ್ಲಿ ಕಾನೂನಿಗೆ ಬೇಡವಾಯಿತು. 2012ರಲ್ಲಿ ಮುಂಬಯಿ ದಾಳಿಯ ಅಪರಾಧಿ, ಪಾಕಿಸ್ತಾನದ ಪ್ರಜೆಯ ಮೇಲೂ ಇದೇ ಕಲಮು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ‘ಯಾರೇ ಆಗಲಿ’ಯ ಬಲದಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಕಲಮಿನ ಸಂಖ್ಯೆ 147 ಆಗಿದೆ, ಆ ಮಾತು ಹಾಗೇ ಇದೆ. 1870ರಲ್ಲಿ ಸೇರಿದ 124ಎ ಕಲಮಿನದು ಇನ್ನೊಂದೇ ಕಥೆ. ಅದು ಸರ್ಕಾರದ ಮೇಲಿನ ಅಪ್ರೀತಿಯನ್ನು ಹುಟ್ಟಿಸುವುದನ್ನೇ ಅಪರಾಧ ಮಾಡಿತು. ಕನ್ನಡದಲ್ಲಿ ಅದನ್ನೂ ರಾಜದ್ರೋಹ ಎಂದೇ ಕರೆದೆವು. ಬೀಸುಕಲ್ಲು ಹಳೆಯದೇ, ಒಳಗೆ ಹಾಕುವ ಕಾಳು ಬೇರೆ.

ಟೇಲರನ ಆ ಸೆರೆಮನೆಯ ಪುಟಕ್ಕೆ ಇನ್ನೊಂದು ಬಾಳೂ ಇದೆ. ಸಾವರ್ಕರ್ 1857ರ ಬಗ್ಗೆ ಬರೆದು 1909ರಲ್ಲಿ ಹೊರಬಂದ ಪುಸ್ತಕದಲ್ಲಿ ಸುರಪುರದ ರಾಜನ ಪ್ರಸಂಗ ಬರುತ್ತದೆ, ಅಧಾರ ಟೇಲರನೇ. ಆ ಪುಸ್ತಕವನ್ನು ಸರ್ಕಾರ ಅಚ್ಚಾಗುವ ಮೊದಲೇ ನಿಷೇಧಿಸಿತ್ತು. ಅದೇ ಮಾತು, ಅದೇ ಅಪ್ಪಾ, ಅದೇ ನಿರಾಕರಣೆ. ಲಂಡನ್ನಿನಲ್ಲಿ ನಿವೃತ್ತ ಕರ್ನಲನ ನೆನಪುಗಳಾಗಿ ಅಚ್ಚಾದಾಗ ಸಜ್ಜನರ ಓದು, ಮೂವತ್ತೆರಡು ವರ್ಷ ಕಳೆದು ಇನ್ನೊಬ್ಬನ ಪುಸ್ತಕದಲ್ಲಿ ಬಂದಾಗ ಮುಟ್ಟುಗೋಲಿನ ಮಾಲು.

ಹೋದ ಡಿಸೆಂಬರಿನಲ್ಲಿ ಟೇಲರ್ ಮಂಜಿಲಿನ ಕಟ್ಟೆಯ ಮೇಲೆ ಕೂತು ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದ್ದೆ. ಕೆಳಗೆ ಊರು, ಆಚೆ ಬಂಡೆಗಳು, ಸಂಜೆಯ ಹೊಗೆ. ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳಿದರು. ಮುಗಿಯಿತು ಸರ್, ಒಂದು ಜಾಗ ಖಾಲಿ ಇದೆ ಎಂದೆ. ರಾಜನಿಗೆ ಕುಮ್ಮಕ್ಕು ಕೊಟ್ಟವರ ಹೆಸರಿನ ಜಾಗ ಅದು. ರೆಸಿಡೆಂಟ್ ಕೇಳಿದ, ಟೇಲರ್ ಕೇಳಿದ, ಈಗ ನಾನೂ ಅದನ್ನೇ ಕೇಳುತ್ತ ಕೂತಿದ್ದೇನೆ.

“ಹೇಳಲಿಲ್ಲೇನು ಆತ?” ಅಂದರು ಸರ್.

“ಇಲ್ಲರಿ” ಅಂದೆ.

“ಹಂಗಾದ್ರ ಖಾಲಿ ಬಿಡು.”